ಅಜ್ಜಿಯ ಈರುಳ್ಳಿಯಿಂದ ಶುರು ಮಾಡಿ

ನಮಸ್ಕಾರ.

ಕಾರವಾರದಿಂದ ನೀವು ಕಳಿಸಿದ ‘ಕಣ್ಣೀರಿನ ವಿಜ್ಞಾನ’ ಲೇಖನ ಓದಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಆರನೇ ಪುಟ.

ಮೊದಲ ಐದು ಪುಟ ಪಾಠದ ಪುಸ್ತಕ. ‘ಅನಾದಿ ಕಾಲದಿಂದ ಮಾನವನು’ ಎಂದು ಶುರುವಾಗುತ್ತದೆ. ಕಣ್ಣನ್ನು ಒದ್ದೆಯಾಗಿಡುವ ನೀರು, ಹೊಗೆ ಧೂಳಿಗೆ ಬರುವ ನೀರು, ದುಃಖಕ್ಕೆ ಬರುವ ನೀರು ಎಂದು ಮೂರು ವಿಧ ಹೇಳಿದ್ದೀರಿ. ತಪ್ಪಿಲ್ಲ. ಆದರೆ ಐದು ಪುಟದಲ್ಲಿ ಒಬ್ಬರೂ ಅಳುವುದಿಲ್ಲ!

ಆರನೇ ಪುಟದಲ್ಲಿ ನಿಮ್ಮ ಅಜ್ಜಿ ಬರುತ್ತಾರೆ. ಅಜ್ಜ ತೀರಿಕೊಂಡ ದಿನ ಅವರು ಅಳಲಿಲ್ಲ. ಮೂರು ತಿಂಗಳಾದ ಮೇಲೆ, ಬಂಗುಡೆ ಸಾರಿಗೆ ಈರುಳ್ಳಿ ಹೆಚ್ಚುತ್ತಾ ಮೆಟ್ಟುಗತ್ತಿಯ ಮುಂದೆ ಅತ್ತರು. ಕೇಳಿದರೆ ‘ಈರುಳ್ಳಿ ಖಾರ’ ಅಂದರು. ಇಷ್ಟನ್ನು ಎರಡು ಸಾಲಲ್ಲಿ ಮುಗಿಸಿ ಮತ್ತೆ ಕಣ್ಣೀರು ಸುರಿಸುವ ಲ್ಯಾಕ್ರಿಮಲ್ ಗ್ರಂಥಿಗೆ ಓಡಿದ್ದೀರಿ. ಯಾಕೆ ಮಾರಾಯ್ರೆ?

ನಿಮ್ಮ ವಿಜ್ಞಾನವೆಲ್ಲ ಆ ಅಡುಗೆಮನೆಯಲ್ಲೇ ಇದೆ. ಈರುಳ್ಳಿ ಕೊಯ್ದಾಗ ಗಂಧಕ ಸೇರಿದ ಆವಿ ಏಳುತ್ತದೆ. ಅದು ತಾಗಿ ಕಣ್ಣು ಉರಿಯುತ್ತದೆ, ಮೇಲ್ರೆಪ್ಪೆಯ ಹಿಂದಿನ ಗ್ರಂಥಿ ನೀರು ಸುರಿಸುತ್ತದೆ. ದುಃಖಕ್ಕೆ ನೀರು ಸುರಿಸುವುದೂ ಅದೇ ಗ್ರಂಥಿ. ಹಾಗಾಗಿ ಅಜ್ಜಿಯ ಸುಳ್ಳನ್ನು ಯಾರೂ ಹಿಡಿಯಲಾರರು. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು ಎಂದೂ ಬರೆದಿದ್ದೀರಿ. ಕಣ್ಣೀರು ಇಳಿದು ಹೋಗುವ ನಾಳ ಮೂಗಿಗೇ ತೆರೆಯುತ್ತದೆ, ಅಲ್ವಾ? ಅದನ್ನು ಅಲ್ಲೇ ಹೇಳಿ.

1981ರಲ್ಲಿ ಅಮೆರಿಕದ ವಿಜ್ಞಾನಿ ವಿಲಿಯಂ ಫ್ರೇ ಹೋಲಿಸಿ ನೋಡಿದ್ದೂ ಇದನ್ನೇ. ಈರುಳ್ಳಿಯ ಕಣ್ಣೀರು ಒಂದು ಕಡೆ, ದುಃಖಕ್ಕೆ ಅತ್ತ ಕಣ್ಣೀರು ಇನ್ನೊಂದು ಕಡೆ. ಅತ್ತದ್ದರಲ್ಲಿ ಪ್ರೋಟೀನ್ ಜಾಸ್ತಿ ಎಂದರು. ಅಳುವಾಗ ದೇಹದ ಬೇಡದ ರಾಸಾಯನಿಕ ಹೊರಹೋಗುತ್ತದೆ ಎನ್ನುವುದು ಅವರ ಊಹೆ. ಅದಿನ್ನೂ ಸಾಬೀತಾಗಿಲ್ಲ. ನೀವು ‘ಅಳುವುದರಿಂದ ವಿಷ ಹೊರಹೋಗುತ್ತದೆ’ ಎಂದು ಖಚಿತವಾಗಿ ಬರೆದುಬಿಟ್ಟಿದ್ದೀರಿ. ಆ ಕೆಲಸಕ್ಕೆ ಮೂತ್ರಪಿಂಡ, ಯಕೃತ್ತು ಇವೆ. ಆ ಸಾಲು ತೆಗೆಯಿರಿ.

ದೇವಬಾಗ ದಂಡೆಯಲ್ಲಿ ಕಡಲಾಮೆ ಮೊಟ್ಟೆಯಿಡುವ ನೋವಿಗೆ ಅಳುತ್ತದೆ ಎಂಬ ಪ್ಯಾರಾವನ್ನೂ ತೆಗೆಯಿರಿ. ಓದಲು ಚಂದ ಇದೆ, ಆದರೆ ನಿಜವಲ್ಲ. ಆಮೆ ಮೈಯೊಳಗೆ ಸೇರಿದ ಹೆಚ್ಚಿನ ಉಪ್ಪನ್ನು ಕಣ್ಣಿನ ಹತ್ತಿರದ ಗ್ರಂಥಿಯಿಂದ ಹೊರಹಾಕುತ್ತದೆ. ನೀರಿನಲ್ಲಿದ್ದಾಗಲೂ ಹಾಕುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ.

ಮೂರು ಪುಟ ಸಾಕು. ಅಜ್ಜಿ ‘ಈರುಳ್ಳಿ ಖಾರ’ ಅಂದಾಗ ನೀವೇನು ಮಾಡಿದಿರಿ? ಅದನ್ನು ಬರೆದೇ ಇಲ್ಲ. ನನಗೆ ಮೊದಲು ಬೇಕಾದದ್ದು ಅದು. ತಿಂಗಳ ಕೊನೆಯೊಳಗೆ ಕಳಿಸಿ.

— ಸಂಪಾದಕ, ಶಿರಸಿ