ಆ ಪಟ್ಟಿಗೆ ಸಹಿ ಹಾಕುವವಳು ಮಗಳು

ಡಲ್ಲಾಸ್ ಹತ್ತಿರ ಇರುವ ಓದುಗರೊಬ್ಬರ ಪತ್ರ: "ಮಗಳು ಆಗಸ್ಟ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಸೇರುತ್ತಾಳೆ. ಸೊರೊರಿಟಿಗೆ ಸೇರುವ ಆಸೆ ಅವಳಿಗೆ. ಗೊತ್ತಿದ್ದವರ ಹತ್ತಿರ ಶಿಫಾರಸು ಪತ್ರ ಬರೆಸುತ್ತಿದ್ದೇನೆ, ಡ್ರೆಸ್ ಆರಿಸುತ್ತಿದ್ದೇನೆ. ಆಯ್ಕೆ ನಡೆಯುವ ವಾರ ನಾನೂ ವಿಶ್ವವಿದ್ಯಾಲಯ ಇರುವ ಊರು ಟಸ್ಕಲೂಸಾದಲ್ಲಿ ರೂಮು ಮಾಡಿ ಇರೋಣ ಅಂತ. ಅವಳು ಮಾತ್ರ 'ಅಮ್ಮ, ನೀನು ಬರಲೇಬೇಡ' ಅಂತಾಳೆ. ನಾನು ಮಾಡ್ತಿರೋದು ತಪ್ಪಾ?"

ಸಂಪಾದಕರ ಉತ್ತರ:

ಹೋಗಬೇಡಿ. ನಿಮ್ಮ ಮಗಳು ಸರಿಯಾಗಿ ಹೇಳಿದ್ದಾಳೆ.

ಇಲ್ಲಿನ ಓದುಗರಿಗೆ ಒಂದು ಮಾತು. ಸೊರೊರಿಟಿ ಅಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಕಾಲೇಜು ಹುಡುಗಿಯರ ಸಂಘ. ಅಲಬಾಮಾದಲ್ಲಿ ಅವಕ್ಕೆ ದೊಡ್ಡ ದೊಡ್ಡ ಮನೆಗಳಿವೆ. ಕ್ಲಾಸು ಶುರುವಾಗುವ ಮೊದಲೇ, ಆಗಸ್ಟ್ ಸೆಕೆಯಲ್ಲಿ, ಎರಡು ಸಾವಿರಕ್ಕೂ ಜಾಸ್ತಿ ಹುಡುಗಿಯರು ಮನೆಯಿಂದ ಮನೆಗೆ ಹೋಗಿ ಮಾತಾಡುತ್ತಾರೆ. ಆ ಮನೆಗಳ ಸದಸ್ಯೆಯರು ಹೊಸ ಹುಡುಗಿಯರನ್ನು ಆರಿಸುತ್ತಾರೆ, ಹುಡುಗಿಯರು ಮನೆಯನ್ನು. 2021ರಲ್ಲಿ ಟಿಕ್‌ಟಾಕ್‌ನಿಂದ ಇದು ಜಗತ್ತಿಗೆಲ್ಲ ಗೊತ್ತಾಯಿತು.

ವರ್ಷಕ್ಕೆ ಸಾವಿರಾರು ಡಾಲರ್ ಶುಲ್ಕ ಕಟ್ಟುವವರು ನೀವು. ರ‍್ಯಾಗಿಂಗ್ ಭಯವೂ ಸುಳ್ಳಲ್ಲ. ಅದನ್ನೆಲ್ಲ ಈಗಲೇ, ಮನೆಯಲ್ಲೇ ಕೂತು ಮಾತಾಡಿ ಮುಗಿಸಿ.

ಆದರೆ ಅಲಬಾಮಾದಲ್ಲೇ 2013ರಲ್ಲಿ ಏನಾಯಿತು ಗೊತ್ತಾ? ಒಳ್ಳೆಯ ಅಂಕ ಪಡೆದ ಕಪ್ಪು ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳಬೇಕೆಂದು ಮನೆಯೊಳಗಿನ ಹುಡುಗಿಯರೇ ದನಿ ಎತ್ತಿದರು. ಅಡ್ಡ ಬಂದವರು ಸಂಘದ ಹಳೆಯ ಸದಸ್ಯೆಯರು ಎಂದು ವಿದ್ಯಾರ್ಥಿಗಳ ಪತ್ರಿಕೆ 'ಕ್ರಿಮ್ಸನ್ ವೈಟ್' ಬರೆಯಿತು. ಸುದ್ದಿ ದೇಶವೆಲ್ಲ ಹರಡಿದ ಮೇಲೆ ವಿಶ್ವವಿದ್ಯಾಲಯ ಸೇರ್ಪಡೆಯ ಬಾಗಿಲನ್ನು ಮತ್ತೆ ತೆರೆಸಿತು. ಹದಿನೆಂಟರ ಹುಡುಗಿಯರಿಗೆ ಬೇಡವಾಗಿದ್ದ ಗೋಡೆಯನ್ನು ಕಾಯುತ್ತಿದ್ದವರು ಅಮ್ಮಂದಿರ ವಯಸ್ಸಿನವರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಹಾಸ್ಟೆಲ್. ಬಿಡಲು ಬಂದ ಅಪ್ಪ ವಾರ್ಡನ್ ಜೊತೆ ಕೂತು, ಯಾವ ಹುಡುಗಿ ಯಾವ ಕಡೆಯವಳು ಅಂತ ವಿಚಾರಿಸಿ, 'ನಮ್ಮವರ' ಹುಡುಗಿಯ ರೂಮಿಗೇ ನನ್ನನ್ನು ಹಾಕಿಸಿದರು. ನಾನು ಟ್ರಂಕ್ ಹಿಡಿದು ಸುಮ್ನೆ ನಿಂತಿದ್ದೆ. ಇಡೀ ವರ್ಷ ನಮ್ಮಿಬ್ಬರಿಗೆ ಮಾತೇ ಬೆಳೆಯಲಿಲ್ಲ. ಎದುರು ರೂಮಿನಲ್ಲಿ ಒಬ್ಬಳಿದ್ದಳು. ಅವಳೇ ಇವತ್ತಿಗೂ ನನ್ನ ಗೆಳತಿ. ಅಪ್ಪನ ಪ್ರೀತಿ ಸುಳ್ಳಲ್ಲ. ಆದರೂ ಆ ಒಂದು ವರ್ಷ ನನಗೆ ವಾಪಸ್ ಬರಲಿಲ್ಲ.

ನಮ್ಮಲ್ಲಿ ಇದು ಈಗಲೂ ನಿಂತಿಲ್ಲ. ಸಿಇಟಿ ಆಪ್ಷನ್ ಎಂಟ್ರಿ ದಿನ ಯಾವುದಾದರೂ ಸೈಬರ್ ಸೆಂಟರ್‌ಗೆ ಹೋಗಿ ನೋಡಿ. ಕಂಪ್ಯೂಟರ್ ಮುಂದೆ ಅಪ್ಪ, ಹಿಂದೆ ನಿಂತ ಮಗಳು. ಕಾಲೇಜಿನ ಹೆಸರು ಮೇಲೆ ಕೆಳಗೆ ಮಾಡುವವರು ಅಪ್ಪ. ನಾಲ್ಕು ವರ್ಷ ಓದುವವಳು ಅವಳು. ಆಮೇಲೆ ನಾವೇ ಹೇಳ್ತೀವಿ, ಈಗಿನ ಮಕ್ಕಳಿಗೆ ಸ್ವಂತ ನಿರ್ಧಾರವೇ ಬರಲ್ಲ ಅಂತ.

ಶಿಫಾರಸು ಪತ್ರಕ್ಕೂ ಇಷ್ಟು ಓಡಾಟ ಬೇಡ. ಈಚೆಗೆ ಹಲವು ಸಂಘಗಳು ಅದನ್ನು ಕೇಳುವುದನ್ನೇ ಬಿಟ್ಟಿವೆ. ನಿಮ್ಮ ಟೆಕ್ಸಸ್‌ನಲ್ಲೇ, ಆಸ್ಟಿನ್‌ನಲ್ಲಿ, 1998ರಲ್ಲಿ ನಮ್ಮ ಕಡೆಯ, ಅಂದರೆ ದಕ್ಷಿಣ ಏಷ್ಯಾ ಮೂಲದ ಹುಡುಗಿಯರು ಸೇರಿ ಕಪ್ಪಾ ಫೈ ಗಾಮಾ ಅನ್ನುವ ತಮ್ಮದೇ ಸೊರೊರಿಟಿ ಕಟ್ಟಿದರು. ಅಷ್ಟು ಗಟ್ಟಿ ಹುಡುಗಿಯರು ಇವರು.

ಕೊನೆಯ ಸುತ್ತು ಮುಗಿದ ಕೂಡಲೇ ಮಗಳು ತನಗೆ ಬೇಕಾದ ಮನೆಗಳನ್ನು ಕ್ರಮವಾಗಿ ಬರೆದು ಸಹಿ ಹಾಕಬೇಕು. ಅವಳು ಬರೆದ ಮನೆ ಕರೆದಾಗ ಒಲ್ಲೆ ಅಂದರೆ, ಮುಂದಿನ ವರ್ಷದ ಆಯ್ಕೆಯವರೆಗೆ ಈ ಸಂಘಗಳ ಒಕ್ಕೂಟದ ಬೇರೆ ಮನೆಗೆ ಅಲ್ಲಿ ಸೇರುವಂತಿಲ್ಲ. ಆ ಹೊತ್ತಿನಲ್ಲಿ ಅವಳ ಕಿವಿಯಲ್ಲಿ ನಿಮ್ಮ ದನಿ ಇರಬಾರದು. ಟೆಕ್ಸಸ್‌ನಲ್ಲೇ ಇರಿ, ಫೋನು ಅವಳೇ ಮಾಡಲಿ.

ಏನಾಯಿತು ಅಂತ ಸೆಪ್ಟೆಂಬರ್‌ನಲ್ಲಿ ನನಗೂ ತಿಳಿಸಿ. ಮಗಳೇ ಬರೆದರೆ ಇನ್ನೂ ಸಂತೋಷ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ, ಹಾಗೇ ಅಚ್ಚು ಮಾಡುತ್ತೇನೆ.