ಮುದ್ದೆಗೆ ಚಮಚ, ಪೆನ್ಸಿಲ್‌ಗೆ ಮುಷ್ಟಿ

ಹುಡುಗನಿಗೆ 7 ವರ್ಷ, ಎರಡನೇ ಕ್ಲಾಸು, ಹಾಸನದ ಹತ್ತಿರದ ಊರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಪುಟ್ಟ ಅಂತ ಇಟ್ಟುಕೊಳ್ಳಿ.

"ಸೋಮಾರಿ ಮೇಡಂ, ನಾಲ್ಕು ಸಾಲಿಗೇ ಕೈ ನೋವು ಅಂತಾನೆ" ಅಂತ ಅವನ ಅಮ್ಮ ದೂರಿದರು. ನಾನು ನೋಟ್‌ಬುಕ್ ಹಾಳೆ ತಿರುಗಿಸಿ ಹಿಂಬದಿ ಸವರಿದೆ. ಅಕ್ಷರಗಳು ಉಬ್ಬಿ ಬೆರಳಿಗೆ ಸಿಗುತ್ತಿದ್ದವು, ಒಂದು 'ಳ' ಇದ್ದ ಕಡೆ ತೂತೇ ಬಿದ್ದಿತ್ತು. ಹೆಬ್ಬೆರಳು ಒಳಗೆ ಮಡಚಿ, ಮುಷ್ಟಿಯಲ್ಲಿ ಹಿಡಿದು ಬರೆಯುತ್ತಿದ್ದ. ಸೋಮಾರಿ ಇಷ್ಟು ಒತ್ತಿ ಬರೀತಾನಾ ಅಂದೆ. ಅವರು ಸುಮ್ಮನಾದರು.

ಊಟದ ವಿಷಯ ಕೇಳಿದೆ. ರಾಗಿಮುದ್ದೆಗೂ ಚಮಚವಂತೆ! ಕೈಗೆ ಸಾರು ತಾಗಿದರೆ ತಕ್ಷಣ ಅಂಗಿಗೆ ಒರೆಸುತ್ತಾನಂತೆ. ಅಂದರೆ ಒದ್ದೆ, ಅಂಟು ಅವನಿಗೆ ಆಗದು. ಇನ್ನು ಒತ್ತಿ ಬರೆಯೋ ವಿಷಯ: ಎಷ್ಟು ಬಿಗಿ ಹಿಡಿದಿದ್ದೇವೆ ಅಂತ ನಮಗೆ ತಿಳಿಯೋದು ಸ್ನಾಯು, ಕೀಲುಗಳಿಂದ. ಕೆಲವು ಮಕ್ಕಳಿಗೆ ಆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ, ಅದಕ್ಕೇ ಇನ್ನೂ ಇನ್ನೂ ಒತ್ತುತ್ತಾರೆ, ಬೇಗ ಸುಸ್ತಾಗುತ್ತಾರೆ. ಮೊದಲು ಆಕ್ಯುಪೇಷನಲ್ ಥೆರಪಿಸ್ಟ್ (ಬರೆಯೋದು, ಉಣ್ಣೋದರಂಥ ದಿನದ ಕೆಲಸಗಳಿಗೆ ಪಳಗಿಸುವ ಚಿಕಿತ್ಸಕರು) ಹತ್ತಿರ ಕಳಿಸಿದೆ, ಕೈ ಪರೀಕ್ಷೆ ಅವರ ಕೆಲಸ. ಅವರು ಹೇಳಿದ್ದನ್ನು ಮನೆಯಲ್ಲಿ ಹೇಗೆ ಮಾಡಿಸೋದು ಅನ್ನೋದಷ್ಟೇ ನನ್ನ ಪಾಲು.

ಅಲ್ಲೇ ನಾನು ಎಡವಿದೆ. ಅವರೆಕಾಯಿ ಕಾಲ, ನೆನೆಸಿದ ಕಾಳು ಹಿತುಕಿಸಿ, ಬೆರಳ ತುದಿಗೆ ಅದಕ್ಕಿಂತ ಒಳ್ಳೆ ಕಸರತ್ತಿಲ್ಲ ಅಂತ ಉತ್ಸಾಹದಿಂದ ಹೇಳಿಬಿಟ್ಟೆ. ಒದ್ದೆ ಸಿಪ್ಪೆ ತಾಗಿದ್ದೇ ತಡ, ಮಗು ಓಕರಿಸಿಕೊಂಡಿತು. ಅಂಟಿಗೆ ಹೆದರುವವನಿಗೆ ಮೊದಲ ದಿನವೇ ಅಂಟು ಮುಟ್ಟಿಸಿದ್ದು ನನ್ನದೇ ತಪ್ಪು ಅಲ್ವಾ? ಮತ್ತೆ ಒಣಗಿದ್ದರಿಂದ ಶುರು ಮಾಡಿದೆವು. ಪಾತ್ರೆ ತುಂಬ ಒಣ ಕಾಳು, ಅದರೊಳಗೆ ಬಚ್ಚಿಟ್ಟ ನಾಣ್ಯ ಹುಡುಕೋ ಆಟ. ಆಮೇಲೆ ಅವರೆಕಾಯಿ ಸುಲಿಯೋದು. ಅದು ಒಗ್ಗಿದ ಮೇಲೆ ಅಜ್ಜಿ ಪಕ್ಕ ಕೂತು ಹಿತುಕೋದು, ತೊಡೆ ಮೇಲೆ ಒಣ ಟವೆಲ್, ಅವನು ಸಾಕು ಅಂದರೆ ಸಾಕು.

ಬರೆಯುವ ಮುಂಚೆ 5 ನಿಮಿಷ ಮೈಗೆ ಭಾರ ಕೊಡಿ ಅಂದೆ: ಗೋಡೆ ತಳ್ಳಲಿ, ಗಿಡಕ್ಕೆ ಅರ್ಧ ಬಕೆಟ್ ನೀರು ಹೊರಲಿ, ಚಪಾತಿ ಹಿಟ್ಟು ನಾದಲಿ. ಕಾಲು ನೇತಾಡಬಾರದು, ಕೆಳಗೆ ಮಣೆ ಇಡಿ. ಉದ್ದದ ಪೆನ್ಸಿಲ್ ಬೇಡ, 2 ಇಂಚಿನ ತುಂಡು ಸಾಕು, ಅದರಲ್ಲಿ ಮುಷ್ಟಿಗೆ ಜಾಗವೇ ಇರೋದಿಲ್ಲ. ಕಿರುಬೆರಳು, ಉಂಗುರಬೆರಳ ಕೆಳಗೆ ಸಣ್ಣ ಹತ್ತಿ ಉಂಡೆ ಹಿಡಿಸಿದರೆ ಉಳಿದ ಮೂರು ಬೆರಳು ತಾವೇ ಕೆಲಸಕ್ಕಿಳಿಯುತ್ತವೆ. ಗೋಡೆಗೆ ತೂಗುಹಾಕಿದ ಸ್ಲೇಟಿನ ಮೇಲೆ ಬರೆದರೆ ಮಣಿಕಟ್ಟೂ ಸರಿಯಾಗಿ ಕೂರುತ್ತದೆ. ನಾಲ್ಕು ಬೆರಳಲ್ಲಿ ಹಿಡಿದರೂ ತೊಂದರೆಯಿಲ್ಲ, ನೋವಿಲ್ಲದೆ ಬರೆದರೆ ಆಯ್ತು. ಇನ್ನೊಂದು, ಹೋಮ್‌ವರ್ಕ್ ಮಾಡುವಾಗ ಬೆರಳು ತಿದ್ದಲೇಬೇಡಿ. ಕಾಪಿ ಬರೆಸೋದನ್ನು ಅರ್ಧಕ್ಕಿಳಿಸಿ ಅಂತ ಟೀಚರ್‌ಗೆ ಚೀಟಿ ಕೊಟ್ಟೆ, ಒಪ್ಪಿದರು.

3 ತಿಂಗಳ ಮೇಲೆ ಬಂದಾಗ ಹಾಳೆ ಸವರಿ ನೋಡಿದೆ. ಉಬ್ಬು ಇನ್ನೂ ಇದೆ, ತೂತಿಲ್ಲ. ಒಂದು ಪುಟ ಬರೀತಾನೆ. "ಮುದ್ದೆಗೆ ಮಾತ್ರ ಇನ್ನೂ ಚಮಚವೇ ಮೇಡಂ" ಅಂದರು ಅಮ್ಮ. ಇರಲಿ ಬಿಡಿ ಅಂದೆ.