1946ರ ಪೈಪರ್ ಜೆ-3 ಕಬ್ ವಿಮಾನ ರಿಪೇರಿ ಮಾಡುತ್ತಿದ್ದೇನೆ. ಸ್ಟಿಕ್, ಪುಲ್ಲಿ, ಕೇಬಲ್‌ಗಳಿಗೆ ಕಾರ್ಖಾನೆಯ ಅಸಲಿ ಭಾಗಗಳು ಎಲ್ಲಿ ಸಿಗುತ್ತವೆ?

ಟರ್ನ್‌ಬಕಲ್ (ಕೇಬಲ್ ಬಿಗಿ ಮಾಡುವ ತಿರುಪಿನ ಜೋಡಣೆ) ಇನ್ನು ತಿರುಗದು ಅನ್ನುವವರೆಗೆ ಬಿಗಿ ಮಾಡಿದ್ದಾಯಿತು, ಎಲಿವೇಟರ್ (ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಹಲಗೆ) ಕೇಬಲ್ ಇನ್ನೂ ಜೋಲುತ್ತಲೇ ಇತ್ತು. ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಅದೇ. ನಾನೂ ಆಗ "ಎಲ್ಲಿ ಸಿಗುತ್ತದೆ" ಎಂದು ಹುಡುಕುತ್ತಿದ್ದೆ. "ಯಾವುದು ಬೇಕು" ಅನ್ನುವುದು ಇನ್ನೂ ಇತ್ಯರ್ಥವಾಗಿರಲಿಲ್ಲ.

ನನ್ನದು ಕಬ್ ಅಲ್ಲ. ಅದೇ ಕಾಲದ, ಹಾಗೆಯೇ ಉಕ್ಕಿನ ಕೊಳವೆಯ ಚೌಕಟ್ಟಿಗೆ ಬಟ್ಟೆ ಹೊದಿಸಿದ, ಇಬ್ಬರು ಕೂರುವ ವಿಮಾನ. ಎಲಿವೇಟರ್ ಕೇಬಲ್‌ಗಳಲ್ಲಿ ಪುಲ್ಲಿಯ ಹತ್ತಿರ ಎಳೆಗಳು ಮುರಿದಿದ್ದವು. ಹಳೆಯ ಕೇಬಲ್‌ಗಳನ್ನು ಬಿಚ್ಚಿ ನೆಲದ ಮೇಲೆ ಚಾಚಿ, ತುದಿಯಿಂದ ತುದಿಗೆ ಅಳೆದು, ಅಷ್ಟೇ ಉದ್ದಕ್ಕೆ ಹೊಸದನ್ನು ಮಾಡಿದೆ. ಟರ್ನ್‌ಬಕಲ್‌ನ ಬ್ಯಾರೆಲ್ಲನ್ನು, ಅಂದರೆ ಎರಡೂ ಬದಿಯ ತಿರುಪು ಸೇರುವ ನಡುವಿನ ಕೊಳವೆಯನ್ನು, ಮಾತ್ರ ಪಾರ್ಟ್ಸ್ ಕೆಟಲಾಗ್ ನೋಡಿ ತರಿಸಿದೆ. ಕೆಟಲಾಗ್‌ನಲ್ಲಿದ್ದದ್ದು ಎಎನ್ 155-22ಎಲ್, ಅಂದರೆ 4 ಇಂಚಿನ ಉದ್ದನೆಯ ಬ್ಯಾರೆಲ್. ವಿಮಾನದಿಂದ ಬಿಚ್ಚಿದ್ದು 22ಎಸ್, 2¼ ಇಂಚಿನ ಗಿಡ್ಡದು. ಎರಡೂ 2,200 ಪೌಂಡ್ ಎಳೆತ ತಡೆಯುವವೇ, ಥ್ರೆಡ್ಡೂ ಒಂದೇ. ಹಾಗಾಗಿ ವ್ಯತ್ಯಾಸ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಹಿಂದೆ ಯಾರೋ ಗಿಡ್ಡ ಬ್ಯಾರೆಲ್ ಹಾಕಿ, ಕೇಬಲ್ಲನ್ನು ಅದಕ್ಕೆ ಸರಿಯಾಗಿ ಉದ್ದ ಮಾಡಿಕೊಂಡಿದ್ದರು. ಅವರ ಜೋಡಿ ಹೊಂದಿಕೊಂಡಿತ್ತು, ಕಾರ್ಖಾನೆಯ ಜೋಡಿಯೂ ಹೊಂದುತ್ತಿತ್ತು. ನಾನು ಕೇಬಲ್ ಅವರದು, ಬ್ಯಾರೆಲ್ ಕಾರ್ಖಾನೆಯದು ಮಾಡಿ 1¾ ಇಂಚು ಹೆಚ್ಚುವರಿ ಉದ್ದವನ್ನು ಒಳಗೆ ಸೇರಿಸಿದ್ದೆ.

ಹಳೆಯ ಗಿಡ್ಡ ಬ್ಯಾರೆಲ್ಲನ್ನೇ ಮತ್ತೆ ಹಾಕಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ಹಾಕಿ ನೋಡಿದೆ. ಈಗ ಎರಡೂ ಬದಿಯಲ್ಲಿ ಆರೇಳು ಥ್ರೆಡ್ ಹೊರಗೆ ಕಂಡವು. ಬ್ಯಾರೆಲ್‌ನ ಒಂದು ಬದಿಗೆ ಮೂರಕ್ಕಿಂತ ಹೆಚ್ಚು ಥ್ರೆಡ್ ಹೊರಗಿರಬಾರದು. ಇದಕ್ಕೆ ಕಾರಣ ಎರಡನೇ ತಪ್ಪು: ವರ್ಷಗಟ್ಟಲೆ ಪುಲ್ಲಿಯ ಮೇಲೆ ಬಾಗಿ ಕೂತ ಕೇಬಲ್ ಕೈಯಲ್ಲಿ ಎಳೆದರೆ ಪೂರ್ತಿ ನೆಟ್ಟಗಾಗುವುದಿಲ್ಲ. ವಿಮಾನದಲ್ಲಿ ಬಿಗಿಯಾಗಿದ್ದಾಗಿನ ಉದ್ದಕ್ಕಿಂತ ನೆಲದ ಮೇಲಿನ ಅಳತೆ ಅರ್ಧ ಇಂಚು ಕಡಿಮೆ ಬಂದಿತ್ತು. ಹೀಗಾಗಿ ಉದ್ದದ ಬ್ಯಾರೆಲ್ ಹಾಕಿದರೆ 1¼ ಇಂಚು ಜೋಲು, ಗಿಡ್ಡದು ಹಾಕಿದರೆ ಅರ್ಧ ಇಂಚು ಸಾಲದು. ಅಷ್ಟರಲ್ಲಿ ಹೊಟ್ಟೆಯ ಕೆಳಗಿನ ಬಟ್ಟೆಯನ್ನೂ ಹೊದಿಸಿಯಾಗಿತ್ತು. ಕೇಬಲ್‌ಗಳನ್ನು ಮತ್ತೆ ತೆಗೆದು, ಎರಡನೇ ಜೊತೆ ಮಾಡಿ, ಇನ್‌ಸ್ಪೆಕ್ಷನ್ ತೂತುಗಳಿಂದ ಕೈ ತೂರಿಸಿ ಒಂದೊಂದೇ ಫೇರ್‌ಲೀಡ್ (ಕೇಬಲ್ ಉಜ್ಜದಂತೆ ದಾರಿ ತೋರುವ ಬಳೆ) ದಾಟಿಸಬೇಕಾಯಿತು.

ಆದ್ದರಿಂದ ನಿಮಗೆ ಮೊದಲು ಹೇಳಬೇಕಾದ್ದು: ನಿಮ್ಮ ಕಬ್‌ನಲ್ಲಿ ಈಗ ಇರುವುದು ಅಸಲಿ ಎಂದು ನಂಬಬೇಡಿ. ಮುಕ್ಕಾಲು ಶತಮಾನದಲ್ಲಿ ಅದು ಎಷ್ಟೋ ಕೈ ದಾಟಿ ಬಂದಿದೆ. ಸವೆದ 3/16 ಇಂಚಿನ ತೂತನ್ನು ಯಾರೋ ಕೊರೆದು ದೊಡ್ಡದು ಮಾಡಿರಬಹುದು. ನೀವು ಅದನ್ನು ಅಳೆದು ¼ ಇಂಚಿನ ಎಎನ್ 4 ಬೋಲ್ಟ್ ತರಿಸಿದರೆ ಅವರ ತಪ್ಪನ್ನು ಹೊಸ ಬೋಲ್ಟಿನಿಂದ ಭದ್ರ ಮಾಡಿದ ಹಾಗೆ. ಕೆಟಲಾಗ್ ಚಿತ್ರ, ಅದರ ಪಾರ್ಟ್ ನಂಬರ್, ವಿಮಾನದಲ್ಲಿರುವ ವಸ್ತು, ಮೂರನ್ನೂ ಅಕ್ಕಪಕ್ಕ ಇಟ್ಟು ಒಂದು ಪಟ್ಟಿ ಮಾಡಿ. ಹೊಂದದ ಕಡೆಯೆಲ್ಲ ಕೆಂಪು ಗುರುತು ಹಾಕಿ. ಓಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ದಾಖಲೆ ಕಚೇರಿಯಿಂದ ನಿಮ್ಮ ವಿಮಾನದ ಫೈಲನ್ನೂ ತರಿಸಿಕೊಳ್ಳಿ. ದೊಡ್ಡ ರಿಪೇರಿಗಳ ಫಾರ್ಮ್ 337 ಅದರಲ್ಲಿರುತ್ತದೆ. ಸಣ್ಣ ಬದಲಾವಣೆ ಇರುವುದಿಲ್ಲ. ನನ್ನ ಗಿಡ್ಡ ಬ್ಯಾರೆಲ್ ಆ ಫೈಲಿನಲ್ಲಿ ಎಲ್ಲೂ ಇರಲಿಲ್ಲ.

ಇನ್ನು "ಕಾರ್ಖಾನೆಯ ಅಸಲಿ ಭಾಗ" ಅನ್ನುವ ಹುಡುಕಾಟವನ್ನೇ ಬಿಡಿ ಎನ್ನುತ್ತೇನೆ. ಕಂಟ್ರೋಲ್ ವ್ಯವಸ್ಥೆಯ ಬಹುಪಾಲು ಪೈಪರ್ ಮಾಡಿದ್ದೇ ಅಲ್ಲ. ಬೋಲ್ಟು, ಕ್ಲೆವಿಸ್ ಪಿನ್, ಟರ್ನ್‌ಬಕಲ್, ಶ್ಯಾಕಲ್, ತಿಂಬಲ್ (ಕೇಬಲ್‌ನ ಕಣ್ಣಿನ ಒಳಗೆ ಕೂರುವ ಲೋಹದ ತೋಡು), ಕೇಬಲ್, ಇವೆಲ್ಲ ಎಎನ್, ಎಂಎಸ್ ನಂಬರಿನ ಸ್ಟ್ಯಾಂಡರ್ಡ್ ಸಾಮಾನು. ಇವತ್ತೂ ಹೊಸದಾಗಿ ತಯಾರಾಗುತ್ತವೆ. ಪುಲ್ಲಿಗಳಲ್ಲಿ ಎಂಎಸ್ 20220 ಸಾಲು ಮುಖ್ಯ ಕಂಟ್ರೋಲ್‌ಗಳಿಗೆ, 20219 ಟ್ರಿಮ್‌ನಂಥವಕ್ಕೆ (ಟ್ರಿಮ್ ಅಂದರೆ ಸ್ಟಿಕ್ ಹಿಡಿದೇ ಇರಬೇಕಾಗದಂತೆ ಸಮತೋಲ ಹೊಂದಿಸುವ ವ್ಯವಸ್ಥೆ). ಹೊರವ್ಯಾಸ ಸರಿಹೋಯಿತೆಂದು ಪುಲ್ಲಿ ಕೊಳ್ಳಬೇಡಿ. ನಂಬರಿನ ಕೊನೆಯ ಭಾಗ ನೋಡಿ, ಯಾವ ಗಾತ್ರದ ಕೇಬಲ್‌ಗೆ ತೋಡು ಇದೆ ಎಂದು ಖಾತ್ರಿ ಮಾಡಿಕೊಳ್ಳಿ. ತೋಡು ಕಿರಿದಾದರೆ ಕೇಬಲ್ ಅಂಚಿಗೆ ಉಜ್ಜುತ್ತದೆ, ಅಗಲವಾದರೆ ಚಪ್ಪಟೆಯಾಗುತ್ತದೆ. ಹಳೆಯ ಸ್ಟಾಕಿನ, ಪೆಟ್ಟಿಗೆ ಬಿಚ್ಚದ ಪುಲ್ಲಿ ಸಿಕ್ಕಿತೆಂದು ಸಂತೋಷಪಡುವವರಿದ್ದಾರೆ. ಅದರ ಮುಚ್ಚಿದ ಬೇರಿಂಗ್ ಒಳಗಿನ ಗ್ರೀಸ್ ಒಣಗಿ ಮೇಣದಂತಾಗಿರುತ್ತದೆ. ಬೆರಳಿನಲ್ಲಿ ತಿರುಗಿಸಿದರೆ ಒಂದು ಸುತ್ತು ಸಲೀಸು, ಮುಂದಿನದರಲ್ಲಿ ತಡೆ. ತಿರುಗದ ಪುಲ್ಲಿಯ ಮೇಲೆ ಕೇಬಲ್ ಜಾರುತ್ತದೆ, ತೋಡಿನ ಒಂದೇ ಕಡೆ ಸವೆದು ಗುಳಿ ಬೀಳುತ್ತದೆ. ನನಗೆ ಹೊಸದೇ ಬೇಕು, ನಿಮಗೂ ಅದೇ ಬೇಕು.

ಬೋಲ್ಟ್ ವಿಷಯದಲ್ಲಿ ಒಂದೇ ಮಾತು: ತಲೆಯ ಮೇಲೆ ವಿಮಾನದ ಬೋಲ್ಟಿನ ಗುರುತು (ಸಾಮಾನ್ಯ ಎಎನ್ ಉಕ್ಕಿನ ಬೋಲ್ಟಿಗೆ ಶಿಲುಬೆ ಅಥವಾ ನಕ್ಷತ್ರ) ಇಲ್ಲದ್ದು ಹಾರ್ಡ್‌ವೇರ್ ಅಂಗಡಿಯದು, ತೆಗೆದು ಹಾಕಿ. ತಿರುಗುವ ಕೀಲುಗಳಲ್ಲಿ ಎಎನ್ 23 ಕ್ಲೆವಿಸ್ ಬೋಲ್ಟ್, ಎಎನ್ 320 ಕ್ಯಾಸಲ್ ನಟ್, ಕಾಟರ್ ಪಿನ್. ಫೈಬರ್ ಲಾಕ್ ನಟ್ ಅಲ್ಲಿಗೆ ಬೇಡ. ನಟ್ಟನ್ನು ಎಳೆದು ಬಿಗಿದರೆ ಕೀಲಿನ ಕವಲು (ಫೋರ್ಕ್) ಹಿಡಿದುಕೊಳ್ಳುತ್ತದೆ. ಕೈಯಲ್ಲಿ ತಿರುಗಿಸಿ ಕೂರಿಸಿ, ಪಿನ್ ಹಾಕಿ, ಕೀಲು ಸಲೀಸಾಗಿ ಆಡುತ್ತದೆಯೇ ನೋಡಿ.

ಪೈಪರ್‌ದೇ ಆದ ಭಾಗಗಳೆಂದರೆ ಸ್ಟಿಕ್, ಟಾರ್ಕ್ ಟ್ಯೂಬ್, ಹಾರ್ನ್ (ಕೇಬಲ್ ಕಟ್ಟುವ ಸಣ್ಣ ತೋಳು), ಟ್ರಿಮ್‌ನ ಯೋಕ್ ಮತ್ತು ಜ್ಯಾಕ್‌ಸ್ಕ್ರೂ. ಇಲ್ಲಿ ನೀವು ಪುಣ್ಯವಂತರು: 1938ರಿಂದ 1947ರವರೆಗೆ ಸುಮಾರು 20,000 ಜೆ-3ಗಳು ತಯಾರಾದವು, ಅದಕ್ಕೇ ಎಫ್‌ಎಎಯ ಪಿಎಂಎ ಒಪ್ಪಿಗೆ (ಬದಲಿ ಭಾಗ ತಯಾರಿಸಲು ಬೇರೆ ಕಂಪನಿಗೆ ಕೊಡುವ ಅನುಮತಿ) ಪಡೆದ ಹೊಸ ಭಾಗಗಳು ಇನ್ನೂ ಮಾರುಕಟ್ಟೆಯಲ್ಲಿವೆ. ಕೊಲರಾಡೊದ ಯೂನಿವೇರ್‌ನಿಂದ ಹುಡುಕಲು ಶುರುಮಾಡಿ. ಸ್ಟ್ಯಾಂಡರ್ಡ್ ಸಾಮಾನಿಗೆ ಏರ್‌ಕ್ರಾಫ್ಟ್ ಸ್ಪ್ರೂಸ್ ಸಾಕು. ಬಳಸಿದ ಭಾಗ ಕೊಳ್ಳಲೇಬೇಕಾದರೆ ಹೊಸ ಬಣ್ಣ ಹೊಡೆದದ್ದನ್ನು ಮುಟ್ಟಬೇಡಿ. ಬಣ್ಣ ತೆಗೆಸಿ, ಬೆಸುಗೆಯ ಸುತ್ತ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡಿಸಿ, ಕೊಳವೆಯ ಒಳಗೆ ತುಕ್ಕು, ತೂತುಗಳಲ್ಲಿ ಮೊಟ್ಟೆಯಾಕಾರದ ಸವೆತ ಹುಡುಕಿ.

ಎಲ್ಲೂ ಸಿಗದಿದ್ದರೆ ಮಾಲೀಕನೇ ಮಾಡಿಸಿಕೊಳ್ಳುವ ದಾರಿ ಎಫ್‌ಎಎ ನಿಯಮ 21.9ರಲ್ಲೇ ಇದೆ. ನಿಮ್ಮ ಸ್ವಂತ ವಿಮಾನಕ್ಕೆ ಮಾತ್ರ. ವಿನ್ಯಾಸದ ಮಾಹಿತಿ, ಸಾಮಗ್ರಿ, ತಯಾರಿಯ ವಿಧಾನ, ಗುಣಮಟ್ಟದ ತಪಾಸಣೆ, ಮೇಲ್ವಿಚಾರಣೆ, ಇವುಗಳಲ್ಲಿ ಒಂದನ್ನಾದರೂ ನೀವು ಕೊಟ್ಟಿರಬೇಕು. ಬರೀ ದುಡ್ಡು ಕೊಟ್ಟರೆ ಅದು ನಿಮ್ಮ ತಯಾರಿ ಆಗುವುದಿಲ್ಲ. ವಿಮಾನಕ್ಕೆ ಸಹಿ ಹಾಕುವ ಮೆಕ್ಯಾನಿಕ್ ಜೊತೆ ಕೆಲಸಕ್ಕೆ ಮುಂಚೆಯೇ ಮಾತಾಡಿ. ಹೊಸದು ಕೈಗೆ ಬಂದು, ಅಳೆದು, ಕೂರಿಸಿ ಆಗುವವರೆಗೆ ಹಳೆಯ ಭಾಗವನ್ನು ಗುಜರಿಗೆ ಹಾಕಬೇಡಿ.

ಕೇಬಲ್‌ಗೆ ಬರುತ್ತೇನೆ, ಏಕೆಂದರೆ ನೀವು ಕೈಯಾರೆ ಮಾಡಬೇಕಾದ್ದು ಇದನ್ನೇ. ಬಿಚ್ಚುವಾಗ ಹಳೆಯ ಕೇಬಲ್‌ನ ತುದಿಗೆ ಗಟ್ಟಿ ದಾರ ಕಟ್ಟಿ ಎಳೆಯಿರಿ, ಹೊಸದಕ್ಕೆ ದಾರಿ ಉಳಿಯುತ್ತದೆ. ಸ್ಟಿಕ್ಕನ್ನೂ ಎಲಿವೇಟರನ್ನೂ ನ್ಯೂಟ್ರಲ್‌ನಲ್ಲಿ ಅಲುಗದ ಹಾಗೆ ಕಟ್ಟಿ. ಕೆಟಲಾಗ್ ಹೇಳಿದ ಬ್ಯಾರೆಲ್ಲನ್ನೇ ಹಾಕಿ, ಬಿಗಿ ಮಾಡಲೂ ಸಡಿಲಿಸಲೂ ಜಾಗ ಇರುವಷ್ಟು ತಿರುಗಿಸಿ ಬಿಡಿ. ಕೇಬಲ್‌ನ ಒಂದು ತುದಿಯ ಕಣ್ಣು ಮಾತ್ರ ಮುಗಿಸಿ, ಬರಿ ತುದಿಯನ್ನು ಎಲ್ಲ ಪುಲ್ಲಿ, ಫೇರ್‌ಲೀಡ್‌ಗಳಲ್ಲಿ ದಾಟಿಸಿ. ಎರಡೂ ಕಣ್ಣು ಮಾಡಿಟ್ಟರೆ ಸ್ಲೀವ್ (ಕಣ್ಣನ್ನು ಒತ್ತಿ ಹಿಡಿಯುವ ತಾಮ್ರದ ತೋಳು) ಫೇರ್‌ಲೀಡ್‌ನಲ್ಲಿ ಹೋಗುವುದಿಲ್ಲ. ಆಮೇಲೆ ಎರಡನೇ ತುದಿಯನ್ನು ತಿಂಬಲ್ ಸುತ್ತ ತಂದು, ವಿಮಾನದಲ್ಲೇ ಗುರುತು ಮಾಡಿ. ಅಳತೆ ಪಟ್ಟಿಯ ಕೆಲಸವೇ ಇಲ್ಲ.

1/8 ಇಂಚಿನ 7×19 (ತಲಾ 19 ತಂತಿಯ 7 ಎಳೆ) ಗ್ಯಾಲ್ವನೈಸ್ಡ್ ಕೇಬಲ್ 2,000 ಪೌಂಡ್ ತಡೆಯುತ್ತದೆ, ಸ್ಟೇನ್‌ಲೆಸ್ 1,760. ಪುಲ್ಲಿ ಹೆಚ್ಚಿರುವ ಕಡೆ ನಾನು ಗ್ಯಾಲ್ವನೈಸ್ಡೇ ಹಾಕುತ್ತೇನೆ. ಸ್ಟೇನ್‌ಲೆಸ್ ಆದರೆ ಲೇಪನವಿರುವ ತಾಮ್ರದ ಸ್ಲೀವೇ ಬೇಕು, ಇಲ್ಲದಿದ್ದರೆ ಎರಡು ಲೋಹ ಸೇರಿದ ಕಡೆ ಕೊರೆತ ಶುರುವಾಗುತ್ತದೆ. ಈ ಗಾತ್ರದ ನೈಕೋಪ್ರೆಸ್ (ಉಪಕರಣದಿಂದ ಒತ್ತಿ ಕೂರಿಸುವ ಬಗೆಯ) ಸ್ಲೀವ್‌ಗೆ ಮೂರು ಒತ್ತು: ಮೊದಲು ನಡುವೆ, ಆಮೇಲೆ ತಿಂಬಲ್ ಕಡೆ, ಕೊನೆಗೆ ಇನ್ನೊಂದು ತುದಿ. 9/16 ಇಂಚಿನ ಸ್ಲೀವ್ ಒತ್ತಿದ ಮೇಲೆ ¾ ಇಂಚಾಗುತ್ತದೆ. ಕೇಬಲ್‌ನ ತುದಿ ಸ್ಲೀವ್‌ನಿಂದ ಸ್ವಲ್ಪ ಹೊರಗೆ ಕಾಣುತ್ತಿರಬೇಕು. ಪ್ರತಿ ಒತ್ತಿಗೂ ಗೇಜ್ ಹಾಕಿ. ಗೇಜ್ ಕೂರದಿದ್ದರೆ ಮೇಲೆ ಮತ್ತೆ ಒತ್ತಬೇಡಿ, ಉಪಕರಣ ಸರಿಮಾಡಿ ಹೊಸ ಸ್ಲೀವ್ ಹಾಕಿ. ಸಿದ್ಧವಾದ ಕೇಬಲ್ಲನ್ನು ತಡೆಯುವ ಬಲದ ಶೇ. 60ಕ್ಕೆ, ಅಂದರೆ ಗ್ಯಾಲ್ವನೈಸ್ಡ್‌ಗೆ 1,200 ಪೌಂಡ್‌ಗೆ, ನಿಧಾನವಾಗಿ ಎಳೆದು 3 ನಿಮಿಷ ಹಿಡಿಯಿರಿ. ಸ್ಲೀವ್ ಅಂಚಿನಲ್ಲಿ ಕೇಬಲ್ ಮೇಲೆ ಬಣ್ಣದ ಗೆರೆ ಹಾಕಿಟ್ಟಿದ್ದರೆ ಕೂದಲೆಳೆಯಷ್ಟು ಜಾರಿದರೂ ಗೊತ್ತಾಗುತ್ತದೆ.

ಬಿಗುವನ್ನು ಟೆನ್ಷನ್ ಮೀಟರಿನಿಂದ ನೋಡಿ, ಬೆರಳ ಅಂದಾಜು ಬೇಡ. ಸೇಫ್ಟಿ ವೈರ್ ಸುತ್ತುವ ಮುಂಚೆ ಸೀಟಿನಲ್ಲಿ ಕೂತು ಸ್ಟಿಕ್ ಎಡಕ್ಕೆ ಒತ್ತಿ: ಎಡ ಐಲರಾನ್ (ರೆಕ್ಕೆಯ ಹಿಂದಿನ ಅಂಚಿನ ಹಲಗೆ) ಮೇಲೇಳಬೇಕು. ಹಿಂದಕ್ಕೆ ಎಳೆಯಿರಿ: ಎಲಿವೇಟರ್ ಮೇಲೇಳಬೇಕು. ಇನ್ನೊಬ್ಬರನ್ನು ಹೊರಗೆ ನಿಲ್ಲಿಸಿ, ಅವರು ಕಂಡದ್ದನ್ನು ಜೋರಾಗಿ ಹೇಳಲಿ. ಬಟ್ಟೆ ಹೊದಿಸುವ ಕೆಲಸ ಏನಿದ್ದರೂ ಇದಾದ ಮೇಲೆ.